ಎರಡೇ ಸ್ವರದ ಗಿಟಾರ್

ಪ್ರಶ್ನೆ: ಮಗ ಎಂಜಿನಿಯರಿಂಗ್ ಎರಡನೇ ವರ್ಷ. ಮಹಡಿ ಮೇಲೆ ಗೆಳೆಯರ ಜೊತೆ ಬ್ಯಾಂಡ್ ಕಟ್ಟಿದ್ದಾನೆ. ಎರಡೇ ಸ್ವರ ಹಿಡಿದು ಗಂಟೆಗಟ್ಟಲೆ ಬಾರಿಸುತ್ತಾನೆ. ಕೇಳಿದರೆ, ‘ಪೀಟ್ ಶೆಲ್ಲಿ ಹೀಗೇ ನುಡಿಸಿದ್ದು’ ಅಂತಾನೆ. ಯಾರು ಈ ಶೆಲ್ಲಿ? ಈಗ ನಲವತ್ತು ಸಾವಿರದ ಗಿಟಾರ್ ಬೇಕಂತೆ. ಕೊಡಿಸಲಾ?
– ಒಬ್ಬ ತಾಯಿ, ರಾಜಾಜಿನಗರ

ಉತ್ತರ: ಮಗ ಸುಳ್ಳು ಹೇಳುತ್ತಿಲ್ಲಮ್ಮ. ಕ್ಯಾಸೆಟ್ ಕಾಲದಲ್ಲಿ ಗೆಳೆಯನೊಬ್ಬ ನನಗೆ ಶೆಲ್ಲಿಯ ಬಝ್‌ಕಾಕ್ಸ್ ಅನ್ನುವ ಪಂಕ್ ಬ್ಯಾಂಡಿನ (ಪಂಕ್ ಅಂದರೆ ಎಪ್ಪತ್ತರ ದಶಕದ ಒರಟು, ಸರಳ ರಾಕ್ ಸಂಗೀತ) ಹಾಡುಗಳನ್ನು ರೆಕಾರ್ಡ್ ಮಾಡಿಕೊಟ್ಟಿದ್ದ. ‘ಬೋರ್‌ಡಮ್’ ಹಾಡಿನಲ್ಲಿ ಗಿಟಾರ್ ಸೋಲೊ ಬಂತು. ಎರಡು ಸ್ವರ, ಮತ್ತೆ ಅದೇ, ಮತ್ತೆ ಅದೇ. ರೀಲು ಸಿಕ್ಕಿಕೊಂಡಿತು ಅಂದುಕೊಂಡು ಕ್ಯಾಸೆಟ್ ಹೊರಗೆ ತೆಗೆದು, ಪೆನ್ಸಿಲ್ ತೂರಿಸಿ ಸುತ್ತಿದೆ. ಮತ್ತೆ ಹಾಕಿದರೂ ಅದೇ! ಸರಳೆ ವರಸೆ ಕಲಿಯುವ ಮಗುವಿಗೂ ಏಳು ಸ್ವರ ಇರುತ್ತೆ, ಅಲ್ವಾ? ಬೇಸರದ ಬಗ್ಗೆ ಹಾಡು ಅಂದಮೇಲೆ ಸೋಲೊ ಕೂಡ ಬೇಸರ ಬಂದವನ ಹಾಗೇ ಇರಬೇಕು ಅನ್ನುವುದು ಆಮೇಲೆ ಹೊಳೆಯಿತು. ನಕ್ಕುಬಿಟ್ಟೆ.

ಶೆಲ್ಲಿ ಹುಟ್ಟಿದ್ದು 1955ರಲ್ಲಿ, ಇಂಗ್ಲೆಂಡಿನ ಲೀ ಊರಿನಲ್ಲಿ. ನಿಜವಾದ ಹೆಸರು ಪೀಟರ್ ಮೆಕ್ನೀಶ್. ಬೋಲ್ಟನ್‌ನ ಕಾಲೇಜಿನಲ್ಲಿ ಹೋವರ್ಡ್ ಡೆವೋಟೊ ಅನ್ನುವ ವಿದ್ಯಾರ್ಥಿ ಜೊತೆಗೆ ನುಡಿಸುವವರು ಬೇಕೆಂದು ಹಾಕಿದ್ದ ನೋಟಿಸ್ ನೋಡಿ ಹೋಗಿ ಸೇರಿಕೊಂಡವನು. 1976ರ ಜೂನ್ 4ರಂದು ಮ್ಯಾಂಚೆಸ್ಟರಿನಲ್ಲಿ ಸೆಕ್ಸ್ ಪಿಸ್ಟಲ್ಸ್ ಅನ್ನುವ ಪಂಕ್ ಬ್ಯಾಂಡಿನ ಕಾರ್ಯಕ್ರಮ ಏರ್ಪಡಿಸಿದ್ದು ಇವರಿಬ್ಬರೇ. ತಾವೂ ನುಡಿಸಬೇಕಿತ್ತು, ಆದರೆ ಬ್ಯಾಂಡೇ ತಯಾರಿರಲಿಲ್ಲ. ಜುಲೈವರೆಗೆ ಕಾಯಬೇಕಾಯಿತು. ಮಗನ ಬ್ಯಾಂಡು ಮಹಡಿ ಇಳಿದಿಲ್ಲ ಅಂತ ಬೇಜಾರಾಗಬೇಡಿ.

ನನಗೆ ಜಾಸ್ತಿ ಇಷ್ಟವಾಗುವುದು ಮುಂದಿನ ಕತೆ. ಯಾವ ರೆಕಾರ್ಡ್ ಕಂಪನಿ ಕರೆಯುತ್ತೆ ಅಂತ ಇವರು ಕಾಯಲಿಲ್ಲ. ಸುಮಾರು 500 ಪೌಂಡ್ ಸಾಲ ಎತ್ತಿ, ‘ನ್ಯೂ ಹಾರ್ಮೋನ್ಸ್’ ಅಂತ ತಮ್ಮದೇ ರೆಕಾರ್ಡ್ ಲೇಬಲ್ ಮಾಡಿಕೊಂಡು, 1977ರ ಜನವರಿಯಲ್ಲಿ ನಾಲ್ಕು ಹಾಡಿನ ‘ಸ್ಪೈರಲ್ ಸ್ಕ್ರ್ಯಾಚ್’ ರೆಕಾರ್ಡ್ ಹೊರತಂದರು. ಕವರಿಗೆ ಒಂದು ಪೋಲರಾಯ್ಡ್ ಫೋಟೊ. ಯಾವ ಹಾಡು ಎಷ್ಟನೇ ಟೇಕ್ ಅನ್ನುವುದನ್ನೂ ಅದರ ಮೇಲೆ ಅಚ್ಚು ಹಾಕಿಸಿದರು, ಮುಚ್ಚುಮರೆಯೇ ಇಲ್ಲ. ಮೊದಲು ಮಾಡಿಸಿದ್ದು 1,000 ಪ್ರತಿ. ಕೊನೆಗೆ 16,000ದಷ್ಟು ಹೋಯಿತು.

ಇನ್ನು ಗಿಟಾರ್. ಶೆಲ್ಲಿಯದು ಅಗ್ಗದ ಸ್ಟಾರ್‌ವೇ, ಅದೂ ಮೇಲಿನ ಭಾಗ ಮುರಿದದ್ದು. ನನ್ನ ಮೊದಲ ಗಿಟಾರ್ ಸಂಡೇ ಬಜಾರಿನದು. ಕುತ್ತಿಗೆ ಬಾಗಿ ತಂತಿ ಎಷ್ಟು ಮೇಲೆದ್ದಿತ್ತೆಂದರೆ ಅಡಿಯಲ್ಲಿ ಬೆಂಕಿಪೊಟ್ಟಣ ತೂರುತ್ತಿತ್ತು. ವಾರದಲ್ಲಿ ಬೆರಳ ತುದಿ ಸುಲಿದುಹೋಯಿತು. ಅಂಥದ್ದು ಬೇಡವೇ ಬೇಡ. ಮಗನ ಗಿಟಾರನ್ನು ರಿಪೇರಿಯವರ ಹತ್ತಿರ ಒಯ್ದು ಕುತ್ತಿಗೆ ಸರಿಮಾಡಿಸಿ, ಹೊಸ ತಂತಿ ಹಾಕಿಸಿ. ನಲವತ್ತು ಸಾವಿರ ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ. ಅವನು ಸ್ವಂತದ್ದೊಂದು ಹಾಡು ಕಟ್ಟಿ ನಿಮಗೆ ಕೇಳಿಸಿದ ದಿನ ಮತ್ತೆ ಬರೆಯಿರಿ. ರಾತ್ರಿ ಹತ್ತರ ಮೇಲೆ ಮಾತ್ರ ಮಹಡಿಗೆ ಬೀಗ ಹಾಕಿ.

ಎಂಜಿನಿಯರಿಂಗ್ ಹುಡುಗ ಅಂದಿರಿ, ಅವನಿಗೆ ಇದನ್ನೂ ಹೇಳಿ: 1983ರ ‘ಎಕ್ಸ್‌ಎಲ್ 1’ ಆಲ್ಬಮ್ಮಿನಲ್ಲಿ ಶೆಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರಿನ ಪ್ರೋಗ್ರಾಮ್ ಸೇರಿಸಿದ್ದ. ಹಾಡು ಸಾಗಿದಂತೆ ಪರದೆ ಮೇಲೆ ಸಾಹಿತ್ಯ ಮೂಡುತ್ತಿತ್ತು.

ಪ್ರಶ್ನೆ: ಪಂಕ್ ಅಂದರೆ ಬರೀ ಸಿಟ್ಟು, ಕಿರುಚಾಟ ಅಲ್ವಾ ಸರ್?
– ಓದುಗ, ಹನುಮಂತನಗರ

ಉತ್ತರ: ಶೆಲ್ಲಿ ಬರೆದದ್ದು ಹೆಚ್ಚಾಗಿ ಪ್ರೇಮಗೀತೆ. ಬಝ್‌ಕಾಕ್ಸ್‌ನ ದೊಡ್ಡ ಹಿಟ್ ‘ಎವರ್ ಫಾಲನ್ ಇನ್ ಲವ್’, 1978ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ 12ನೇ ಸ್ಥಾನಕ್ಕೆ ಏರಿತು. ಅದರ ಸಾಹಿತ್ಯ ಬರೆದದ್ದು ಎಡಿನ್‌ಬರ್ಗ್‌ನ ಅಂಚೆ ಕಚೇರಿ ಮುಂದೆ ನಿಂತಿದ್ದ ವ್ಯಾನಿನಲ್ಲಿ ಕೂತು. ಪ್ರೀತಿಸಿದ್ದು ಹುಡುಗನನ್ನೋ ಹುಡುಗಿಯನ್ನೋ ಅನ್ನುವುದನ್ನು ಹಾಡಿನಲ್ಲಿ ಬೇಕೆಂದೇ ಬಿಟ್ಟುಕೊಡುತ್ತಿರಲಿಲ್ಲ. ಬರೀ ‘ನೀನು’. ಕನ್ನಡದಲ್ಲಿ ಹಾಗೆ ಬರೆಯಲು ಕೂತು ನೋಡಿ. ‘ಬಂದಳು’ ಅಂದರೂ ಸಿಕ್ಕಿಬಿದ್ದಿರಿ, ‘ಬಂದನು’ ಅಂದರೂ ಸಿಕ್ಕಿಬಿದ್ದಿರಿ. ‘ನೀನು ಬಂದೆ’ ಅಂದರೆ ಮಾತ್ರ ಬಚಾವ್.