ಭೇದಿಗೆ ಎರಡು ಮಾತ್ರೆ ನುಂಗಿ ವಾಸಿಯಾಯ್ತು ಅನ್ನೋರಿಗೆ

ಪ್ರಶ್ನೆ: ನೀರ್ ನೀರಾಗಿ ಭೇದಿ ಆಗ್ತಿತ್ತು. ಮೆಡಿಕಲ್ ಶಾಪಲ್ಲಿ ನಾರ್ಫ್ಲಾಕ್ಸಾಸಿನ್-ಟಿನಿಡಜೋಲ್ ಕೊಟ್ರು, ಎರಡೇ ಮಾತ್ರೆಗೆ ಮಾರನೇ ದಿನ ಕಂಟ್ರೋಲ್‌ಗೆ ಬಂತು. ಮತ್ಯಾಕೆ ಡಾಕ್ಟ್ರೇ ಆಂಟಿಬಯೋಟಿಕ್ ಬೇಡ ಅಂತೀರಾ?

ಉತ್ತರ: ಈ ಪ್ರಶ್ನೆಗೆ ಉತ್ತರ ಬರೆದೂ ಬರೆದೂ ಸಾಕಾಗಿದೆ. ಮಾತ್ರೆ ನುಂಗ್ದೇ ಇದ್ರೂ ಬಹುಶಃ ನಿಲ್ತಿತ್ತು ಸ್ವಾಮಿ. ದೊಡ್ಡೋರಿಗೆ ಇದ್ದಕ್ಕಿದ್ದಂಗೆ ಶುರುವಾಗೋ ನೀರು ಭೇದಿ ಬಹಳಷ್ಟು ಸಲ ನೊರೋವೈರಸ್ ಥರದ ವೈರಸ್‌ದು, ಇಲ್ಲಾ ಕೆಟ್ಟ ಊಟದಲ್ಲಿರೋ ಟಾಕ್ಸಿನ್‌ದು, ಅಂದ್ರೆ ವಿಷದ್ದು, ಅಲ್ಲಿ ಆಂಟಿಬಯೋಟಿಕ್ ಕಡಿದು ಗುಡ್ಡೆ ಹಾಕೋದು ಏನೂ ಇಲ್ಲ. ಬ್ಯಾಕ್ಟೀರಿಯಾದ್ದಾದ್ರೂ ಸುಮಾರು ಸಲ ತಾನಾಗೇ ನಿಲ್ಲುತ್ತೆ.

ಆ ಸ್ಟ್ರಿಪ್ ತಿರುಗಿಸಿ ನೋಡಿ. ಒಂದೇ ಮಾತ್ರೆಲಿ ಎರಡು ಔಷಧ, ಒಂದು ಬ್ಯಾಕ್ಟೀರಿಯಾಗೆ, ಇನ್ನೊಂದು ಅಮೀಬಾಗೆ. ಒಳಗೇನಿದೆ ಗೊತ್ತಿಲ್ಲ, ಎರಡಕ್ಕೂ ಇರ್ಲಿ ಅಂತ ಕೊಡೋದು, ಆಫ್ಲಾಕ್ಸಾಸಿನ್-ಆರ್ನಿಡಜೋಲ್ ಕಥೆನೂ ಅದೇ. ನಿನ್ನೆ ಶುರುವಾದ ನೀರು ಭೇದಿಗೆ ಅಮೀಬಾ ಕಾರಣ ಆಗೋದು ಅಪರೂಪ. ಸ್ಟ್ರಿಪ್ ಮೇಲಿನ ಕೆಂಪು ಗೆರೆ ಡಿಸೈನ್‌ಗೆ ಹಾಕಿದ್ದಲ್ಲ, ಚೀಟಿ ಇಲ್ದೆ ಕೊಡಬಾರ್ದು ಅಂತ. ಕೌಂಟರಲ್ಲಿ ನಿಂತ ಹುಡುಗ ಡಾಕ್ಟರಲ್ಲ.

ಹೆಸರಿನ ಕೊನೇಲಿ ‘ಫ್ಲಾಕ್ಸಾಸಿನ್’ ಅಂತ ಬರೋ ಈ ಗುಂಪಿನ ಮಾತ್ರೆಗಳನ್ನ ಕಂಡಕಂಡಿದ್ದಕ್ಕೆಲ್ಲ ನುಂಗಿ ಬ್ಯಾಕ್ಟೀರಿಯಾ ಅದಕ್ಕೆ ಪಳಗಿಬಿಟ್ಟಿದ್ದಕ್ಕೇ ಇವತ್ತು ನಿಜವಾದ ರಕ್ತ ಭೇದಿ ಬಂದಾಗ ನಮ್ಮ ದೇಶದಲ್ಲಿ ಅದನ್ನ ತರೋ ಶಿಗೆಲ್ಲಾ ಬ್ಯಾಕ್ಟೀರಿಯಾಗೆ ಸಿಪ್ರೋಫ್ಲಾಕ್ಸಾಸಿನ್ ನಂಬೋ ಹಂಗಿಲ್ಲ, ಅಜಿಥ್ರೋಮೈಸಿನ್ ಅನ್ನೋ ಬೇರೆ ಆಂಟಿಬಯೋಟಿಕ್‌ಗೆ ಹೋಗ್ಬೇಕು, ಅದನ್ನೂ ಜನ ನೆಗಡಿಗೆ ನುಂಗ್ತಾ ಕೂತಿದಾರೆ. ವಯಸ್ಸಾದೋರಿಗೆ, ಸ್ಟೀರಾಯ್ಡ್ ತಗೊಳ್ಳೋರಿಗೆ ಈ ಫ್ಲಾಕ್ಸಾಸಿನ್ ಮಾತ್ರೆಗಳಿಂದ ಹಿಮ್ಮಡಿಯ ಸ್ನಾಯುರಜ್ಜು (ಟೆಂಡನ್) ಹರಿಯೋ ಅಪಾಯ ಬೇರೆ. ಆಂಟಿಬಯೋಟಿಕ್‌ನಿಂದಲೇ ಶುರುವಾಗೋ ಭೇದಿನೂ ಇದೆ, ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾದ್ದು, ಅದು ಬಂದ್ರೆ ಆಸ್ಪತ್ರೆ ಸೇರೋದೂ ಉಂಟು.

ಹಾಗಂತ ಯಾವತ್ತೂ ಬೇಡ ಅಂತಿಲ್ಲ. ರಕ್ತ ಬಿದ್ರೆ, ಜೋರು ಜ್ವರ ಇದ್ರೆ, ಕಿಡ್ನಿ ತೊಂದರೆನೋ ಕೀಮೋನೋ ಇದ್ರೆ, ಮೂತ್ರ ಕಮ್ಮಿಯಾದ್ರೆ, ಮೂರು ದಿನ ಆದ್ರೂ ತಗ್ಗದಿದ್ರೆ ಬನ್ನಿ, ಬೇಕೋ ಬೇಡ್ವೋ ನಾವು ನೋಡ್ತೀವಿ. ಅಕ್ಕಿ ತೊಳೆದ ನೀರಿನ ಥರ ಹೋಗ್ತಿದ್ರೆ ಕಾಲರಾ ಇರಬಹುದು, ಕಾಯಲೇಬೇಡಿ. ಕಾಲರಾದಲ್ಲಿ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಭೇದಿಯ ದಿನ ಕಮ್ಮಿ ಮಾಡುತ್ತೆ ನಿಜ, ಜೀವ ಉಳಿಸೋದು ಮಾತ್ರ ನೀರು, ಉಪ್ಪು.

ಅಂದ್ರೆ ಓಆರ್‌ಎಸ್. ಕರುಳು ಕೆಟ್ಟಿದ್ರೂ ಗ್ಲೂಕೋಸ್ ಜೊತೆ ಉಪ್ಪು ಒಳಗೆ ಹೋಗುತ್ತೆ, ಹಿಂದೇನೇ ನೀರೂ. ಸಣ್ಣ ಪ್ಯಾಕೆಟ್ 200 ಎಂಎಲ್‌ಗೆ, ದೊಡ್ಡದು 1 ಲೀಟರ್‌ಗೆ. ದೊಡ್ಡದನ್ನ ಒಂದು ಲೋಟಕ್ಕೆ ಸುರಿದು ಕುಡಿದ್ರೆ ಭೇದಿ ಇನ್ನೂ ಜಾಸ್ತಿ. ಓಆರ್‌ಎಸ್ ಅಂತ ಹೆಸರಿಟ್ಟು ಮಾರ್ತಿದ್ದ ಸಿಹಿ ಜ್ಯೂಸ್ ಡಬ್ಬಿಗಳಿಗೆ ಆ ಹೆಸರು ಬಳಸಬೇಡಿ ಅಂತ ಆಹಾರ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಅಕ್ಟೋಬರ್ 2025ರಲ್ಲಿ ಹೇಳಿದೆ, ತಡವಾಗಿ.

ಪ್ರಶ್ನೆ: ಹೋದ್ಸಲ ಉಳಿದ ಮಾತ್ರೆ ಇದೆ, ತಗೊಳ್ಲಾ?
ಉತ್ತರ: ಬೇಡ. ಯಾರಿಗೂ ಕೊಡಲೂಬೇಡಿ.

ಪ್ರಶ್ನೆ: ಭೇದಿ ನಿಲ್ಲಿಸೋ ಲೋಪೆರಮೈಡ್ ಮಾತ್ರೆ ತಗೊಳ್ಲಾ?
ಉತ್ತರ: ರಕ್ತ, ಜ್ವರ ಇಲ್ದಿದ್ರೆ ಒಂದೆರಡು ದಿನಕ್ಕೆ ಪರ್ವಾಗಿಲ್ಲ.

ಪ್ರಶ್ನೆ: ಮೊಸರನ್ನ?
ಉತ್ತರ: ತಿನ್ನಿ. ಉಪವಾಸ ಕೂರೋಕೆ ಹೇಳಿದ್ಯಾರು?

ಪ್ರಶ್ನೆ: ಒಂದು ಡ್ರಿಪ್ಸ್ ಹಾಕಿಸಿದ್ರೆ ಬೇಗ ಸರಿಹೋಗುತ್ತಲ್ವಾ?
ಉತ್ತರ: ಗಂಟಲಲ್ಲಿ ಓಆರ್‌ಎಸ್ ಇಳೀತಿದ್ರೆ ಡ್ರಿಪ್ಸ್‌ನಿಂದ ಆಗೋ ಲಾಭ ಕ್ಲಿನಿಕ್‌ನೋರಿಗೆ.