ಕೈ ಇಟ್ಟವರು ಯಾರು, ಕಳಿಸಿದವರು ಯಾರು?

ಪ್ರಶ್ನೆ: ಫಾದರ್, ನಮ್ಮದು ಮೂಡಿಗೆರೆ ಕಡೆ ಒಂದು ಸಣ್ಣ ಕಾಫಿ ತೋಟ. ನಮ್ಮ ಬಾವ ಎರಡು ವರ್ಷದಿಂದ ಚರ್ಚಿಗೆ ಬರುತ್ತಿಲ್ಲ. 1968ರಲ್ಲಿ ಗುರುದೀಕ್ಷೆಯ, ಅಂದರೆ ಫಾದರ್ ಮಾಡುವ ಸಂಸ್ಕಾರದ, ವಿಧಿಯನ್ನೇ ಬದಲಾಯಿಸಿಬಿಟ್ಟರು, ಆಮೇಲಿನ ಬಿಷಪ್ಪರೂ ಫಾದರ್‌ಗಳೂ ನಿಜವಾದವರಲ್ಲ, ಅವರ ಪೂಜೆಯಲ್ಲಿ ರೊಟ್ಟಿ ಕ್ರಿಸ್ತನ ದೇಹವಾಗದೆ ರೊಟ್ಟಿಯಾಗಿಯೇ ಉಳಿಯುತ್ತದೆ ಅನ್ನುತ್ತಾರೆ. ಭಾನುವಾರ ಮನೆಯಲ್ಲೇ ಜಪಸರ ಹೇಳಿದರೆ ಸಾಕಂತೆ. ಎರಡು ತಿಂಗಳಿಗೊಮ್ಮೆ ಹೊರಗಿನಿಂದ ಒಬ್ಬರು ಬಂದು ಅವರ ಮನೆಯಲ್ಲಿ ಲ್ಯಾಟಿನ್ ಪೂಜೆ ಮಾಡುತ್ತಾರೆ. ಒಂದು ಸಲ ಹೋಗಿದ್ದೆ. ಅಲ್ಲಿನ ಮೌನ, ಭಕ್ತಿ ನೋಡಿ ಕಣ್ಣಲ್ಲಿ ನೀರು ಬಂತು. ಈಗ ಅಮ್ಮ ಹಾಸಿಗೆ ಹಿಡಿದಿದ್ದಾರೆ. ಪಾಪನಿವೇದನೆ, ರೋಗಿಗಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಅಭ್ಯಂಗ ಸಂಸ್ಕಾರ ಮಾಡಿಸಬೇಕು. ಊರಿನ ಫಾದರನ್ನು ಕರೆಯಲೋ, ಬಾವನ ಮನೆಗೆ ಬರುವವರಿಗಾಗಿ ಕಾಯಲೋ? ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಇವತ್ತೇ ಊರಿನ ಫಾದರ್‌ಗೆ ಫೋನ್ ಮಾಡಿ, ತಾಯಿ. ಮಿಕ್ಕಿದ್ದನ್ನು ಅವರು ಬಂದು ಹೋದ ಮೇಲೆ ಓದಿ.

ನಿಮ್ಮ ಬಾವನ ಮಾತಿನಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮೊದಲು ಅವನ್ನು ಬಿಡಿಸೋಣ. ಒಬ್ಬರು ನಿಜವಾಗಿ ಗುರುವಾಗಿದ್ದಾರಾ ಎಂಬುದು ಒಂದು. ಅವರಿಗೆ ಇಲ್ಲಿ ಪೂಜೆ ಮಾಡುವ ಅಪ್ಪಣೆ ಇದೆಯಾ ಎಂಬುದು ಇನ್ನೊಂದು. ಮೊದಲನೆಯದು ಸಿಂಧುವೋ ಅಲ್ಲವೋ ಎಂಬ ವಿಚಾರ. ಎರಡನೆಯದು ಸಕ್ರಮವೋ ಅಕ್ರಮವೋ ಎಂಬ ವಿಚಾರ. ಡ್ಯೂಟಿ ಇಲ್ಲದ ಡ್ರೈವರ್ ಬಸ್ ಹತ್ತಿ ಕೂತರೂ ಬಸ್ಸು ಓಡುತ್ತದೆ. ಹಾಗೇ ನಿಜವಾದ ಗುರು ಅಪ್ಪಣೆ ಇಲ್ಲದೆ ಪೂಜೆ ಮಾಡಿದರೂ ಪೂಜೆ ಸಿಂಧು, ಆದರೆ ಅಕ್ರಮ. ಪಾಪನಿವೇದನೆ ಮತ್ತು ಮದುವೆಗೆ ಮಾತ್ರ ಈ ಮಾತು ಸಾಲದು. ಅಲ್ಲಿ ಅಧಿಕಾರವೂ ಇರಲೇಬೇಕು. ಇಲ್ಲದಿದ್ದರೆ ಸಹಿ ಹಾಕುವ ಹಕ್ಕಿಲ್ಲದವನು ಬರೆದುಕೊಟ್ಟ ಕ್ರಯಪತ್ರದಂತೆ ಆಗುತ್ತದೆ. ಸಾವಿನ ಅಪಾಯದಲ್ಲಿ ಇರುವವರಿಗೆ ಇದರಲ್ಲೂ ಒಂದು ದೊಡ್ಡ ರಿಯಾಯಿತಿ ಇದೆ. ನಿಜವಾಗಿ ದೀಕ್ಷೆ ಪಡೆದ ಯಾವ ಗುರುವಾದರೂ ಅವರಿಗೆ ಪಾಪಕ್ಷಮೆ ಕೊಡಬಹುದು.

ಇನ್ನು 1968ರ ವಿಚಾರ. ದೀಕ್ಷೆಗೆ ಏನು ಮುಖ್ಯ ಎಂಬುದನ್ನು ಪೋಪ್ ಹನ್ನೆರಡನೇ ಪಿಯುಸ್ 1947ರಲ್ಲೇ ಸ್ಪಷ್ಟವಾಗಿ ಹೇಳಿದ್ದರು. ಬಿಷಪ್ ತಲೆ ಮೇಲೆ ಕೈ ಇಡಬೇಕು. ಯಾವ ದೀಕ್ಷೆ ಕೊಡುತ್ತಿದ್ದೇವೆ ಎಂಬುದು ತಿಳಿಯುವಂತೆ ಪ್ರಾರ್ಥನೆ ಹೇಳಬೇಕು. ಇವೆರಡೂ ಹೊಸ ವಿಧಿಯಲ್ಲಿ ಹಾಗೇ ಇವೆ. ಗುರುದೀಕ್ಷೆಯ ಮುಖ್ಯ ವಾಕ್ಯವಂತೂ ಹೆಚ್ಚುಕಡಿಮೆ ಹಳೆಯದೇ. ಬಿಷಪ್ಪರ ದೀಕ್ಷೆಯ ಪ್ರಾರ್ಥನೆ ಮಾತ್ರ ಪೂರ್ತಿ ಬದಲಾಯಿತು, ಅದು ನಿಜ. ಆದರೆ ಅದನ್ನು ಯಾರೋ ಕೂತು ಹೊಸದಾಗಿ ಹೊಸೆದಿದ್ದಲ್ಲ. ಆದಿಕಾಲದ ಒಂದು ಪ್ರಾರ್ಥನೆಯನ್ನು ತಂದು ಬಳಸಿದರು. ಈಜಿಪ್ಟಿನ ಕಾಪ್ಟಿಕ್ ಸಭೆಯವರೂ ಪಶ್ಚಿಮ ಸಿರಿಯಾದ ಸಂಪ್ರದಾಯದವರೂ ಅದನ್ನೇ ಬಹುಪಾಲು ಇಟ್ಟುಕೊಂಡು ಶತಮಾನಗಳಿಂದ ಬಿಷಪ್ಪರನ್ನು ಮಾಡುತ್ತಾ ಬಂದಿದ್ದಾರೆ. ಅವರ ಬಿಷಪ್ಪರು ನಿಜವಾದವರು ಎಂದು ರೋಮ್ ಯಾವಾಗಲೂ ಒಪ್ಪಿದೆ. ಅಲ್ಲಿ ಸಿಂಧುವಾದದ್ದು ಇಲ್ಲಿಗೆ ಬಂದ ಕೂಡಲೇ ಅಸಿಂಧು ಹೇಗಾಗುತ್ತದೆ?

ನಮ್ಮದೇ ಲೆಕ್ಕ ನೋಡಿ. ಚಿಕ್ಕಮಗಳೂರು ಧರ್ಮಕ್ಷೇತ್ರ, ಅಂದರೆ ನಮ್ಮ ಬಿಷಪ್ಪರ ಆಡಳಿತದ ಪ್ರದೇಶ, ಹುಟ್ಟಿದ್ದು 1963ರಲ್ಲಿ. ಮೊದಲ ಬಿಷಪ್ ಅಲ್ಫೋನ್ಸಸ್ ಮಥಾಯಸ್ ಅವರಿಗೆ ದೀಕ್ಷೆಯಾಗಿದ್ದು 1964ರಲ್ಲಿ, ಅಂದರೆ ಹಳೇ ವಿಧಿಯಲ್ಲೇ. ಅವರು ಕೈ ಇಟ್ಟ ಗುರುಗಳ ಬಗ್ಗೆ ಬಾವ ಏನು ಹೇಳುತ್ತಾರೋ ಕೇಳಿ. ಇನ್ನೊಂದು. ಎನ್.ಆರ್.ಪುರದ ಕಡೆ ಕೇರಳದಿಂದ ಬಂದು ನೆಲೆಸಿದ ಸಿರೋ ಮಲಬಾರ್ ಕಥೋಲಿಕರಿದ್ದಾರೆ. ಅವರ ದೀಕ್ಷೆಯ ವಿಧಿ ರೋಮಿನದ್ದೇ ಅಲ್ಲ, ಪೂರ್ವ ಸಿರಿಯಾದ ಸಂಪ್ರದಾಯದ್ದು. ಯಾವುದೇ ಕಥೋಲಿಕ ವಿಧಿಯ ಪೂಜೆಯಲ್ಲಿ ಪಾಲ್ಗೊಂಡರೂ ಭಾನುವಾರದ ಕರ್ತವ್ಯ ಮುಗಿಯುತ್ತದೆ ಎಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಹಾಗಾಗಿ ನಿಮ್ಮ ಬಾವನಿಗೆ ರೋಮಿನ ಹೊಸ ವಿಧಿಯ ಮೇಲೆ ಎಷ್ಟೇ ಸಂಶಯ ಇರಲಿ, ಮನೆಯಲ್ಲಿ ಕೂರಲು ಅದು ಕಾರಣವಾಗುವುದಿಲ್ಲ.

1958ರಲ್ಲಿ ಹನ್ನೆರಡನೇ ಪಿಯುಸ್ ತೀರಿಕೊಂಡಾಗಿನಿಂದ ಪೋಪರ ಪೀಠವೇ ಖಾಲಿ ಅನ್ನುವವರೂ ಇದ್ದಾರೆ. ಆ ದಾರಿ ಹಿಡಿದರೆ ಎಲ್ಲಿಗೆ ಹೋಗಿ ನಿಲ್ಲುತ್ತೇವೆ? ಆ ಪಿಯುಸ್ ಮಾಡಿದ ಕಾರ್ಡಿನಲ್‌ಗಳು ಈಗ ಒಬ್ಬರೂ ಬದುಕಿಲ್ಲ. ಹಾಗಾದರೆ ಹೊಸ ಪೋಪರನ್ನು ಆರಿಸುವವರೂ ಇಲ್ಲ. ಪಾತಾಳದ ಬಲ ನನ್ನ ಸಭೆಯನ್ನು ಜಯಿಸದು ಎಂದು ಯೇಸು ಕೊಟ್ಟ ಮಾತಿಗೆ ಅಲ್ಲಿ ಜಾಗವೇ ಉಳಿಯುವುದಿಲ್ಲ.

ಸಂಸ್ಕಾರದಲ್ಲಿ ಸಂಶಯ ಇದ್ದರೆ ಖಚಿತವಾದ ದಾರಿಯನ್ನೇ ಹಿಡಿ ಎಂದು ಬಾವ ಹೇಳಿರಬಹುದು. ಆ ನಿಯಮ ನಿಜವಾಗಿಯೂ ಇದೆ. 1679ರಲ್ಲಿ ಪೋಪ್ ಹನ್ನೊಂದನೇ ಇನ್ನೊಸೆಂಟ್ ಅದನ್ನು ಗಟ್ಟಿ ಮಾಡಿದರು. ಆದರೆ ಸಂಶಯಕ್ಕೆ ಆಧಾರ ಬೇಕು. ಸುಮ್ನೆ ಮನಸ್ಸಿಗೆ ಬಂದ ಅಳುಕು ಸಾಲದು. ಅಲ್ಲದೆ ಇದೇ ನಿಯಮವನ್ನು ಅವರ ಮನೆಗೆ ಬರುವವರ ಮೇಲೂ ಇಟ್ಟು ನೋಡಬೇಕಲ್ವಾ? ಊರಿನ ಫಾದರ್‌ಗೆ ಯಾವ ದಿನ, ಯಾವ ಚರ್ಚಿನಲ್ಲಿ, ಯಾರು ಕೈ ಇಟ್ಟರು ಎಂಬುದು ನೂರಾರು ಜನರೆದುರು ಆಗಿದ್ದು. ಪುಸ್ತಕದಲ್ಲಿ ದಾಖಲಾಗಿದೆ. ಆ ಅತಿಥಿಯ ವಿಚಾರದಲ್ಲಿ ನಿಮಗೆ ಏನು ಗೊತ್ತು?

ಎರಡೇ ಪ್ರಶ್ನೆ ಕೇಳಿ. ನಿಮ್ಮ ತಲೆ ಮೇಲೆ ಕೈ ಇಟ್ಟವರು ಯಾರು? ನಿಮ್ಮನ್ನು ಇಲ್ಲಿಗೆ ಕಳಿಸಿದವರು ಯಾರು? ಹೀಗೆ ಕೇಳಿದರೆ ಅಪಮಾನ ಏನಿಲ್ಲ. ನಾನು ಗುರುತಿಲ್ಲದ ಚರ್ಚಿಗೆ ಹೋದರೆ ನನ್ನ ಬಿಷಪ್ಪರ ಪತ್ರ ತೋರಿಸಬೇಕು. ಅದು ಒಂದು ವರ್ಷಕ್ಕಿಂತ ಹಳೆಯದಾಗಿರಬಾರದು. ಸಂತ ಹತ್ತನೇ ಪಿಯುಸರ ಸಂಘದವರು ಎಂದು ಉತ್ತರ ಬಂದರೆ ಅದು ಬೇರೆ ಕಥೆ. 1970ರಲ್ಲಿ ಫ್ರಾನ್ಸಿನ ಆರ್ಚ್‌ಬಿಷಪ್ ಮಾರ್ಸೆಲ್ ಲೆಫೆಬ್ರ್ ಕಟ್ಟಿದ, ಹಳೇ ಲ್ಯಾಟಿನ್ ಪೂಜೆಯನ್ನೇ ನಡೆಸುವ ಸಂಘ ಅದು. 1988ರಲ್ಲಿ ಪೋಪರ ಅಪ್ಪಣೆ ಇಲ್ಲದೆ ನಾಲ್ವರು ಬಿಷಪ್ಪರನ್ನು ಮಾಡಿದ್ದರಿಂದ ಬಹಿಷ್ಕಾರವಾಯಿತು. ಆ ನಾಲ್ವರ ಮೇಲಿನ ಬಹಿಷ್ಕಾರವನ್ನು 2009ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ತೆಗೆದರು. ಆ ಸಂಘದ ಗುರುಗಳ ದೀಕ್ಷೆ ಸಿಂಧು. ಅವರ ಬಳಿ ಮಾಡುವ ಪಾಪನಿವೇದನೆಗೂ ಪೋಪ್ ಫ್ರಾನ್ಸಿಸ್ 2015ರಲ್ಲಿ ಅಧಿಕಾರ ಕೊಟ್ಟು, ಮರುವರ್ಷ ಅದನ್ನು ಮುಂದುವರಿಸಿದರು.

ಆದರೆ ಎಷ್ಟೋ ಜನ ಇಂಥ ಗುರುತಿರುವ ಸಂಘದವರಲ್ಲ. ವಿಯೆಟ್ನಾಮಿನ ಆರ್ಚ್‌ಬಿಷಪ್ ಥುಕ್ ಅವರು 1976ರಲ್ಲಿ ಸ್ಪೇನಿನ ಪಾಲ್ಮಾರ್‌ನಲ್ಲೂ ಆಮೇಲೆ ಬೇರೆ ಕಡೆಯೂ ಅಪ್ಪಣೆ ಇಲ್ಲದೆ ಬಿಷಪ್ಪರನ್ನು ಮಾಡಿದರು. ಹಾಗೆ ಬಿಷಪ್ಪರಾದವರು ಮತ್ತಷ್ಟು ಜನರನ್ನು ಮಾಡಿದರು. ಈ ಬಳ್ಳಿ ಎಲ್ಲೆಲ್ಲಿ ಹಬ್ಬಿದೆ ಎಂದು ಹಿಡಿಯುವುದೇ ಕಷ್ಟ. ಘಟ್ಟದ ಕೆಳಗೂ ಇಂಥದೊಂದು ಕಥೆ ಇದೆ. ಗೋವಾದ ಪಾದ್ರಿ ಅಲ್ವಾರಿಸ್ ಮೇಲಿನವರೊಂದಿಗೆ ಮುನಿಸಿಕೊಂಡು 1889ರಲ್ಲಿ ಕೊಟ್ಟಾಯಂನಲ್ಲಿ ಆರ್ಥೊಡಾಕ್ಸ್ ಬಿಷಪ್ ಆದರು. ಬ್ರಹ್ಮಾವರದ ಕೊಂಕಣಿ ಆರ್ಥೊಡಾಕ್ಸ್ ಸಮುದಾಯ ಅವರ ಕಾಲದ್ದು. ಆ ಸಭೆಗೆ ವಿಳಾಸ ಇದೆ, ಬಿಷಪ್ಪರ ಸರಣಿ ಇದೆ, ಅದರ ದೀಕ್ಷೆಯನ್ನು ನಾವು ಒಪ್ಪುತ್ತೇವೆ. ಆದರೆ 1892ರಲ್ಲಿ ಕೊಲಂಬೊದಲ್ಲಿ ಅದೇ ಅಲ್ವಾರಿಸ್ ಕೈ ಇಟ್ಟ ವಿಲಾಟ್ ಎಂಬವರು ಪಶ್ಚಿಮ ದೇಶಗಳಿಗೆ ಹೋಗಿ ಯಾವ ಸಭೆಯ ಹಿಡಿತವೂ ಇಲ್ಲದೆ ಬಿಷಪ್ಪರನ್ನು ಮಾಡುತ್ತಾ ಹೋದರು. ಇವತ್ತಿಗೂ ಆ ಹೆಸರು ಹೇಳಿಕೊಂಡು ತಿರುಗುವ ಬಿಷಪ್ಪರಿದ್ದಾರೆ.

ಆ ಎರಡು ಪ್ರಶ್ನೆಗೆ ನೇರ ಉತ್ತರ ಬರದಿದ್ದರೆ ಅಲ್ಲಿಗೆ ಹೋಗಬೇಡಿ. ಅಲ್ಲಿ ಪರಮಪ್ರಸಾದ ತೆಗೆದುಕೊಳ್ಳಲೂ ಬೇಡಿ.

ನಿಮ್ಮ ಕಣ್ಣೀರಿನ ಬಗ್ಗೆಯೂ ಹೇಳಬೇಕು. ಅದು ಸುಳ್ಳಲ್ಲ. ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿ ಚರ್ಚಿನಲ್ಲಿ ನಮ್ಮ ಹಿರಿಯರು ಮಂಡಿಯೂರಿದ್ದು ಲ್ಯಾಟಿನ್ ಪೂಜೆಗೇ. ನಮ್ಮಲ್ಲಿ ಕೆಲವು ಗುರುಗಳು ಗಡಿಬಿಡಿಯಲ್ಲಿ ಪೂಜೆ ಮುಗಿಸುತ್ತೇವೆ, ಪ್ರಸಂಗದಲ್ಲಿ ದುಡ್ಡಿನ ಲೆಕ್ಕವೇ ಜಾಸ್ತಿ ಆಗುತ್ತದೆ. ಜನ ಮೌನ ಹುಡುಕಿಕೊಂಡು ಹೋದರೆ ಆ ತಪ್ಪಿನಲ್ಲಿ ನಮಗೂ ಪಾಲಿದೆ. ಹಳೇ ಪೂಜೆ ಬೇಕು ಅನ್ನುವುದು ಪಾಪವಲ್ಲ. 2021ರ ನಿಯಮದಂತೆ ಅದಕ್ಕೆ ಬಿಷಪ್ಪರ ಅನುಮತಿ ಬೇಕು. ನಾಲ್ಕಾರು ಮನೆಯವರು ಸೇರಿ ಅವರಿಗೆ ಅರ್ಜಿ ಕೊಡಿ. ಈಗಿನ ಪೂಜೆಯನ್ನೂ ಲ್ಯಾಟಿನ್‌ನಲ್ಲಿ ಮಾಡಬಹುದು, ಅದನ್ನೂ ಕೇಳಿ. ಬಾವನ ಜೊತೆ ಜಗಳ ಬೇಡ. ಅಮ್ಮನ ಅಭ್ಯಂಗದ ದಿನ ಅವರನ್ನೂ ಕರೆಯಿರಿ. ದೂರ ನಿಂತರೂ ಪರವಾಗಿಲ್ಲ.

ಪ್ರಶ್ನೆ: ಫಾದರ್, ಹಾಸನದಲ್ಲಿರುವ ನನ್ನ ಮಗನ ಮದುವೆಯನ್ನು ಇಂಥದೇ ಒಬ್ಬರು ಮನೆಯಲ್ಲಿ ಮಾಡಿಸಿದರು. ಮೊಮ್ಮಗಳಿಗೆ ಜ್ಞಾನಸ್ನಾನವನ್ನೂ ಅವರೇ ಕೊಟ್ಟರು. ಅವರು ಯಾವ ಬಿಷಪ್ಪರ ಕಡೆಯವರು ಎಂಬುದು ಈಗ ಯಾರಿಗೂ ಗೊತ್ತಿಲ್ಲ. ಎಲ್ಲವನ್ನೂ ಮತ್ತೆ ಮಾಡಿಸಬೇಕಾ?

ಉತ್ತರ: ಮೊಮ್ಮಗಳ ಚಿಂತೆ ಬಿಡಿ. ತಲೆಗೆ ನೀರು ಹೊಯ್ದು, ಪಿತ ಸುತ ಪವಿತ್ರಾತ್ಮರ ಹೆಸರು ಹೇಳಿ, ಧರ್ಮಸಭೆ ಮಾಡುವುದನ್ನೇ ಮಾಡುವ ಮನಸ್ಸಿನಿಂದ ಮಾಡಿದ್ದರೆ ಅದು ಸಿಂಧು. ಮಾಡಿದವರು ಗುರುವಲ್ಲದಿದ್ದರೂ ಸಿಂಧು. ತುರ್ತಿನಲ್ಲಿ ಆಸ್ಪತ್ರೆಯ ನರ್ಸ್ ಕೊಟ್ಟ ಜ್ಞಾನಸ್ನಾನವನ್ನೂ ನಾವು ಒಪ್ಪುತ್ತೇವಲ್ಲ. ಮತ್ತೆ ಕೊಡಿಸಬೇಡಿ. ನೀರು ಹಾಕಿದ್ದನ್ನು ಕಂಡವರನ್ನು ಕರೆದುಕೊಂಡು ಹೋಗಿ ಧರ್ಮಕೇಂದ್ರದ, ಅಂದರೆ ನಿಮ್ಮ ಊರಿನ ಚರ್ಚಿನ, ರಿಜಿಸ್ಟರ್‌ನಲ್ಲಿ ಬರೆಸಿ.

ಮದುವೆ ಹಾಗಲ್ಲ. ಅಧಿಕಾರ ಇಲ್ಲದವರ ಮುಂದೆ ಆದ ಮದುವೆಯನ್ನು ಧರ್ಮಸಭೆ ಸಿಂಧು ಅನ್ನುವುದಿಲ್ಲ. ಗಾಬರಿ ಬೇಡ, ನಾನೇ ಇಂಥ ಎಷ್ಟೋ ಕಡತ ನೋಡಿದ್ದೇನೆ. ಮಗ ಸೊಸೆ ಇಬ್ಬರೂ ಧರ್ಮಕೇಂದ್ರದ ಗುರುಗಳ ಮುಂದೆ, ಎರಡು ಸಾಕ್ಷಿ ಇಟ್ಟುಕೊಂಡು, ಮತ್ತೆ ಒಪ್ಪಿಗೆ ಹೇಳಿದರೆ ಸಾಕು. ಛತ್ರ, ಊಟ ಏನೂ ಬೇಕಿಲ್ಲ. ಒಬ್ಬರು ಚರ್ಚಿಗೆ ಬರಲು ಒಪ್ಪದಿದ್ದರೂ ದಾರಿ ಇದೆ. ಅವರ ಮೊದಲಿನ ಒಪ್ಪಿಗೆ ಇನ್ನೂ ಉಳಿದಿದ್ದರೆ ಬಿಷಪ್ಪರು ಮತ್ತೆ ಒಪ್ಪಿಗೆ ಹೇಳಿಸದೆಯೇ ಆ ಮದುವೆಯನ್ನು ಬೇರಿನಿಂದಲೇ ಸರಿಪಡಿಸಬಹುದು. ಮೊಮ್ಮಗಳು ಹುಟ್ಟಿದ್ದರ ಮೇಲೆ ಇದರಿಂದ ಯಾವ ಕಳಂಕವೂ ಬರುವುದಿಲ್ಲ. ಮದುವೆ ಆಗಿದೆ ಎಂದು ಒಳ್ಳೇ ಮನಸ್ಸಿನಿಂದ ನಂಬಿದ್ದ ತಂದೆತಾಯಿಯ ಮಗುವನ್ನು ನಮ್ಮ ಕಾನೂನು ಸಕ್ರಮವಾಗಿ ಹುಟ್ಟಿದ ಮಗು ಎಂದೇ ಎಣಿಸುತ್ತದೆ. ಇಬ್ಬರ ಜ್ಞಾನಸ್ನಾನದ ಸರ್ಟಿಫಿಕೇಟ್ ಹೊಸದಾಗಿ ತೆಗೆಸಿಕೊಂಡು ಧರ್ಮಕೇಂದ್ರದ ಗುರುಗಳನ್ನು ಕಾಣಲು ಹೇಳಿ. ಆ ಮದುವೆಯ ಫೋಟೋ, ಪತ್ರಿಕೆ ಏನಿದ್ದರೂ ಜೊತೆಗೆ ಒಯ್ಯಲಿ.