ಅಡ್ಡಡ್ಡ ತಲೆಯಾಡಿಸಿದರೆ ಬೇಡವೆಂದೇ ಅರ್ಥವೇ?

ಪ್ರಶ್ನೆ: ನಮ್ಮ ಕಂಪನಿಗೆ ಬಲ್ಗೇರಿಯಾದ ಗ್ರಾಹಕರು ಸಿಕ್ಕಿದ್ದಾರೆ. ವಿಡಿಯೊ ಕಾಲ್‌ನಲ್ಲಿ ನಾನು ಯೋಜನೆ ವಿವರಿಸಿದಷ್ಟು ಹೊತ್ತೂ ಅವರಲ್ಲೊಬ್ಬರು ತಲೆಯನ್ನು ಅಡ್ಡಡ್ಡ ಆಡಿಸುತ್ತಲೇ ಇದ್ದರು. ಒಪ್ಪಿಗೆಯಿಲ್ಲ ಅಂದುಕೊಂಡು ಅರ್ಧಕ್ಕೇ ನಿಲ್ಲಿಸಿದೆ. ಮರುದಿನ ನೋಡಿದರೆ, ಕೆಲಸ ಶುರುಮಾಡಿ ಎಂದು ಮೇಲ್ ಬಂದಿತ್ತು! ಮುಂದಿನ ತಿಂಗಳು ಅಲ್ಲಿಗೇ ಹೋಗಬೇಕು. ಮಾತಾಡುವಾಗ ಕೈಯಾಡಿಸುವ ಅಭ್ಯಾಸ ನನಗೆ ಬಹಳ. ಕೈಕಟ್ಟಿ ಕೂರುವುದೇ ಕ್ಷೇಮವೇ?

ಉತ್ತರ: ದಯವಿಟ್ಟು ಕೈಕಟ್ಟಿ ಕೂರಬೇಡಿ. ಮಾತಿನ ಜೊತೆ ತಾನಾಗಿ ಆಡುವ ಕೈಯೇ ಬೇರೆ, ಮಾತಿನ ಬದಲು ತೋರಿಸುವ ಸನ್ನೆಯೇ ಬೇರೆ. ಹುಟ್ಟಿನಿಂದ ಕಣ್ಣು ಕಾಣದವರು, ಅಂದರೆ ಇನ್ನೊಬ್ಬರನ್ನು ನೋಡಿ ಕಲಿಯುವ ಅವಕಾಶವೇ ಇಲ್ಲದವರೂ ಮಾತಾಡುವಾಗ ಕೈಯಾಡಿಸುತ್ತಾರೆ. 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ತೋರಿಸಿಕೊಟ್ಟಿತು. ಅದನ್ನು ಬಿಗಿಹಿಡಿಯುವುದು ಬೇಕಿಲ್ಲ.

ಎಡವಟ್ಟಾಗುವುದು ಎರಡನೆಯದರಲ್ಲಿ. ಅದು ಆಯಾ ಜನ ರೂಢಿಸಿಕೊಂಡದ್ದು. ಬಲ್ಗೇರಿಯಾದ ರೂಢಿಯಲ್ಲಿ ತಲೆ ಅಡ್ಡಡ್ಡ ಆಡಿದರೆ ಹೌದು, ಚಟ್ಟನೆ ಮೇಲಕ್ಕೆದ್ದರೆ ಇಲ್ಲ. ಗ್ರೀಸ್, ಟರ್ಕಿಗಳಲ್ಲೂ ಮೇಲಕ್ಕೆತ್ತಿದ ತಲೆ ನಿರಾಕರಣೆಯೇ. ಎಷ್ಟೋ ಸಲ ತಲೆ ಅಲುಗುವುದೇ ಇಲ್ಲ, ಹುಬ್ಬು ಮೇಲೇರುತ್ತದೆ, ನಾಲಿಗೆ ಲೊಚಗುಟ್ಟುತ್ತದೆ, ಅಷ್ಟೇ.

ಇದನ್ನು ಬಾಯಿಪಾಠ ಮಾಡಿದರೂ ತೊಡಕು ತೀರದು. ಹೊರಗಿನವರೊಂದಿಗೆ ಒಡನಾಡಿದ ಬಲ್ಗೇರಿಯನ್ನರು ನಿಮಗೆ ಅನುಕೂಲವಾಗಲೆಂದು ತಮ್ಮ ರೂಢಿಯನ್ನೇ ತಿರುಗಿಸಿಬಿಡಬಹುದು. ಆಗ ಆ ತಲೆಯಾಟ ಯಾರ ಲೆಕ್ಕದ್ದು? ಅದಕ್ಕೇ, ಯಾವ ದೇಶದಲ್ಲಿ ಯಾವ ಸನ್ನೆ ಎಂಬ ಪಟ್ಟಿಗಳನ್ನು ನಾನು ಹೆಚ್ಚು ನೆಚ್ಚುವುದಿಲ್ಲ. "ಹಾಗಾದರೆ ಸೋಮವಾರ ಶುರುಮಾಡಲೇ?" ಎಂದು ನೇರವಾಗಿ ಕೇಳಿ, ಉತ್ತರವನ್ನೂ ಬಾಯಿಮಾತಲ್ಲೇ ಪಡೆಯಿರಿ.

ನಿಜವಾಗಿ ಜಾಗ್ರತೆ ಬೇಕಾದದ್ದು ಬೆರಳುಗಳ ವಿಷಯದಲ್ಲಿ. 1992ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಹಿರಿಯ ಜಾರ್ಜ್ ಬುಷ್ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಜನರತ್ತ ಎರಡು ಬೆರಳೆತ್ತಿ 'ವಿ' ತೋರಿಸಿದರು. ಆದರೆ ಅಂಗೈ ತಮ್ಮ ಕಡೆಗಿತ್ತು. ಅಲ್ಲಿ ಅದು ಅಸಭ್ಯ ಬೈಗುಳ. ಕೈ ತಿರುಗಿದ್ದಷ್ಟೇ ವ್ಯತ್ಯಾಸ! ಹೆಬ್ಬೆರಳು, ತೋರುಬೆರಳು ಸೇರಿಸಿದ ಉಂಗುರವೂ ಹಾಗೆಯೇ: ಜಪಾನಿನಲ್ಲಿ ದುಡ್ಡು, ಫ್ರಾನ್ಸಿನಲ್ಲಿ ಸೊನ್ನೆ ಎಂದಾಗಬಹುದು, ಬ್ರೆಜಿಲ್‌ನಲ್ಲಿ ಅಶ್ಲೀಲ.

ಹಾಗಾಗಿ ಹೆಬ್ಬೆರಳೆತ್ತುವುದು, ಉಂಗುರ ತೋರಿಸುವುದು, ಬೆರಳು ಮಡಚಿ ಕರೆಯುವುದು, ಇಷ್ಟನ್ನು ಮೊದಲ ಕೆಲವು ದಿನ ಬದಿಗಿಡಿ. ಅಲ್ಲಿಯವರೇ ಬಳಸುವುದನ್ನು ಕಂಡ ಮೇಲೆ ನೀವೂ ಬಳಸಬಹುದು.